ನೆಲವೂ ಡೊಂಕಿರಬಹುದು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯಷ್ಟು ನನ್ನ ವೃತ್ತಿಗೆ ಒದಗಿಬಂದ ಮಾತು ಇನ್ನೊಂದಿಲ್ಲ. ಅಂಕ ಕಡಮೆ ಬಂದಿತೆಂದು ಪ್ರಶ್ನಪತ್ರಿಕೆಯನ್ನು ದೂರುವವನಿಗೆ, ಪ್ರಬಂಧ ಬರೆಯದೆ ಬಂದು ಪುಸ್ತಕ ಸಿಕ್ಕಲಿಲ್ಲವೆನ್ನುವವನಿಗೆ, ಭಾಷಣದಲ್ಲಿ ತಡವರಿಸಿ ಧ್ವನಿವರ್ಧಕವನ್ನು ಬಯ್ಯುವವನಿಗೆ, ಎಲ್ಲರಿಗೂ ಇದೊಂದೇ ಮದ್ದು. ಗಾದೆ ವೇದಕ್ಕೆ ಸಮವೆಂದು ಹಿರಿಯರು ಹೇಳಿದ್ದಾರೆ. ವೇದಕ್ಕೆ ಸಮವಾದುದನ್ನು ಅಧ್ಯಾಪಕನು ಉಚ್ಚರಿಸಿದ ಮೇಲೆ ವಿದ್ಯಾರ್ಥಿ ಮರುಮಾತನಾಡುವುದುಂಟೆ? ಇಪ್ಪತ್ತು ವರ್ಷ ನಿರಾತಂಕವಾಗಿ ಬಳಸಿದ ಈ ಮದ್ದಿನ ಗುಣದೋಷಗಳನ್ನು ಈಚೆಗೆ ಒಂದು ಅಗ್ಗದ ಗಿಟಾರ್ ನನಗೆ ಕಲಿಸಿತು. ಆ ಪಾಠವನ್ನು ವಾಚಕರ ಮುಂದಿಡುವುದು ನನ್ನ ಇಂದಿನ ಉದ್ದೇಶ.

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಬಿ.ಎ. ಎರಡನೆಯ ವರ್ಷದ ಹುಡುಗನೊಬ್ಬ ಗಿಟಾರ್ ಹಿಡಿದು ವೇದಿಕೆಗೆ ಬಂದ. ಹಳ್ಳಿಯಿಂದ ಬಂದವನು, ಸಂಜೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆದು ಉಳಿಸಿದ ಮೂರು ಸಾವಿರ ರೂಪಾಯಿಗೆ ಆ ವಾದ್ಯವನ್ನು ತರಿಸಿಕೊಂಡಿದ್ದ. ಹಾಡಿನ ಮೊದಲ ಸಾಲಿಗೇ ಅಪಶ್ರುತಿ. ಬಿರಡೆ ತಿರುಗಿಸಿದ, ಮತ್ತೆ ನುಡಿಸಿದ, ಮತ್ತೆ ಅಪಶ್ರುತಿ. ಸಭೆ ನಕ್ಕಿತು. ಹುಡುಗ ಇಳಿದು ಬಂದು, "ಗಿಟಾರ್ ಸರಿಯಿಲ್ಲ ಸಾರ್" ಎಂದ. ನನ್ನ ಗಾದೆ ನಾಲಗೆಯ ತುದಿಯಲ್ಲೇ ಇತ್ತು. ನಾಲ್ಕು ಜನಕ್ಕೆ ಕೇಳುವಂತೆ ಅದನ್ನು ಹೇಳಿದೆ. ಅಂದು ಅತಿಥಿಯಾಗಿ ಬಂದಿದ್ದ ಹಿರಿಯ ಗಿಟಾರ್ ವಾದಕರು ಏನೂ ಮಾತನಾಡದೆ ಹುಡುಗನ ಕೈಯಿಂದ ಅದೇ ವಾದ್ಯವನ್ನು ತೆಗೆದುಕೊಂಡು, ತಮ್ಮ ದುಬಾರಿ ವಾದ್ಯವನ್ನು ಪೆಟ್ಟಿಗೆಯಲ್ಲೇ ಬಿಟ್ಟು ವೇದಿಕೆ ಹತ್ತಿದರು. ಕಾಲು ಗಂಟೆ ನುಡಿಸಿದರು. ನಗುತ್ತಿದ್ದ ಸಭೆ ಉಸಿರು ಬಿಗಿಹಿಡಿದು ಕೇಳಿತು. ನಾನು ಹುಡುಗನ ಕಡೆ ತಿರುಗಿ, "ನೋಡಿದೆಯಾ?" ಎಂದೆ. ಅವನು ತಲೆ ತಗ್ಗಿಸಿದ. ನಾನು ಗೆದ್ದೆನೆಂದುಕೊಂಡೆ.

ಚಹದ ವೇಳೆಯಲ್ಲಿ ನನ್ನ ಗೆಲವು ಕರಗಿತು. "ಮೇಷ್ಟ್ರೇ, ಆ ಹುಡುಗ ಹೇಳಿದ್ದು ನಿಜ. ಆ ಗಿಟಾರ್ ಸರಿಯಿಲ್ಲ" ಎಂದರು ವಾದಕರು. ಹಾಗಾದರೆ ನೀವು ನುಡಿಸಿದ್ದು ಹೇಗೆ ಎಂದು ಕೇಳಿದೆ. "ಎಲ್ಲಿ ಸರಿಯಿಲ್ಲವೆಂಬುದು ನನಗೆ ಗೊತ್ತಾಯಿತು, ಅಲ್ಲಿಗೆ ಹೋಗಲಿಲ್ಲ, ಅಷ್ಟೆ" ಎಂದು ನಕ್ಕರು. ಆಮೇಲೆ ಒಂದೊಂದಾಗಿ ವಿವರಿಸಿದರು.

ಗಿಟಾರಿನ ದಂಡಿಯ ತಲೆಯ ಬಳಿ ತಂತಿಗಳು ಹಾದುಬರುವ ಚಿಕ್ಕ ಪಟ್ಟಿಯೊಂದಿದೆ. ಅದನ್ನು ನಟ್ ಎನ್ನುತ್ತಾರೆ. ತಂತಿ ಕೂರುವ ಅದರ ಸೀಳುಗಳನ್ನು ಸರಿಯಾದ ಆಳಕ್ಕೆ ಅರದಿಂದ ಉಜ್ಜಬೇಕು. ಅಗ್ಗದ ವಾದ್ಯಗಳಲ್ಲಿ ಈ ಕೆಲಸಕ್ಕೆ ಎಷ್ಟೋ ವೇಳೆ ಯಾರೂ ಕೈಹಚ್ಚಿರುವುದಿಲ್ಲ. ತಂತಿ ಎತ್ತರದಲ್ಲಿ ನಿಲ್ಲುತ್ತದೆ. ಅದನ್ನು ಮೆಟ್ಟಿಲಿಗೆ ಒತ್ತುವಾಗ ಹೆಚ್ಚು ಎಳೆದಂತಾಗಿ ಸ್ವರ ಇರಬೇಕಾದುದಕ್ಕಿಂತ ಮೇಲಕ್ಕೆ ಜಾರುತ್ತದೆ. ಈ ದೋಷ ಅತ್ಯಂತ ಹೆಚ್ಚಾಗಿ ಕಾಣುವುದು ತಲೆಗೆ ಹತ್ತಿರವಾದ ಮೊದಲ ಮೆಟ್ಟಿಲುಗಳಲ್ಲಿ. ವಾದಕರು ಮಾಡಿದ್ದಿಷ್ಟು: ಎರಡನೆಯ ಮೆಟ್ಟಿಲಿನ ಮೇಲೆ ಕೇಪೋ ಎಂಬ ಹಿಡಿಕೆಯನ್ನು ಬಿಗಿದು ಆ ಕೆಟ್ಟ ಪಟ್ಟಿಯನ್ನು ಲೆಕ್ಕದಿಂದಲೇ ತೆಗೆದುಹಾಕಿದರು, ಹಿಡಿಕೆ ಬಿಗಿದ ಮೇಲೆ ಹೊಸದಾಗಿ ಶ್ರುತಿ ಮಾಡಿದರು, ಗರಗರ ಎನ್ನುವ ಒಂದು ಮೆಟ್ಟಿಲನ್ನು ತಪ್ಪಿಸಿ ಅದೇ ಸ್ವರವನ್ನು ಬೇರೆ ತಂತಿಯಲ್ಲಿ ಹುಡುಕಿಕೊಂಡರು, ಬೆರಳನ್ನು ಮೆಟ್ಟಿಲಿಗೆ ಒತ್ತಾಗಿ, ಆದರೆ ಹಗುರವಾಗಿ ಇಟ್ಟರು. ಇನ್ನು ಬಲಗೈ. ತಂತಿಯನ್ನು ಕುದುರೆಯ ಬಳಿ ಮೀಟಿದರೆ ಮೇಲಿನ ಉಪಸ್ವರಗಳು ಹೆಚ್ಚಾಗಿ ನಾದ ಮೊನಚಾಗುತ್ತದೆ. ನಡುವಿನ ಕಡೆಗೆ ಸರಿದಷ್ಟೂ ಅವು ತಗ್ಗಿ ನಾದ ಮೆತ್ತಗಾಗುತ್ತದೆ. ತಗಡಿನಂತೆ ಕಿರಿಚುವ ಆ ವಾದ್ಯವನ್ನು ಅವರು ಉಗುರು ತಾಕಿಸದೆ, ಬೆರಳಿನ ಮಾಂಸದಿಂದ, ದಂಡಿಯ ಕಡೆಗೆ ಸರಿದು ಮೀಟಿದ್ದರು. ಅಗ್ಗದ ಗಿಟಾರ್ ಇಂಪಾಗಿ ನುಡಿದುದರ ರಹಸ್ಯ ಇಷ್ಟೆ. ಪವಾಡವೇನೂ ಇಲ್ಲ, ತಿಳಿವಳಿಕೆ ಇದೆ. ಆ ತಿಳಿವಳಿಕೆಗೆ ಅವರು ತೆತ್ತದ್ದು ಮೂವತ್ತು ವರ್ಷ.

ಅಗ್ಗದ ಗಿಟಾರಿನಿಂದ ದೊಡ್ಡ ಸಂಗೀತ ಹುಟ್ಟಿದ ಕಥೆ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅಮೆರಿಕದಲ್ಲಿ ಸಿಯರ್ಸ್ ರೋಬಕ್ ಮೊದಲಾದ ಮಳಿಗೆಗಳು ಬೆಲೆಪಟ್ಟಿ ಅಚ್ಚುಹಾಕಿಸಿ ಕೆಲವೇ ಡಾಲರುಗಳಿಗೆ ಅಂಚೆಯಲ್ಲಿ ಗಿಟಾರ್ ಕಳುಹಿಸಿಕೊಡುತ್ತಿದ್ದವು. ಮಿಸಿಸಿಪಿಯ ಹತ್ತಿಹೊಲಗಳ ಕರಿಯ ಕೂಲಿಕಾರನ ಕೈಗೂ ಅವು ಎಟುಕಿದವು. ಟಟ್ವೈಲರ್ ಎಂಬ ಸಣ್ಣ ರೈಲುನಿಲ್ದಾಣದಲ್ಲಿ 1903ರ ಸುಮಾರಿಗೆ, ಬಡವನೊಬ್ಬ ಗಿಟಾರಿನ ತಂತಿಗಳ ಮೇಲೆ ಚಾಕುವನ್ನು ಒತ್ತಿ ಜಾರಿಸುತ್ತ ನುಡಿಸುತ್ತಿದ್ದುದನ್ನು ಕಂಡು ಬೆರಗಾದೆನೆಂದು ಸಂಗೀತಗಾರ ಡಬ್ಲ್ಯು. ಸಿ. ಹ್ಯಾಂಡಿ 1941ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ನೆನೆದಿದ್ದಾನೆ. ಚಾಕು, ಸೀಸೆಯ ಕುತ್ತಿಗೆ, ಲೋಹದ ಕೊಳವೆ, ಯಾವುದಾದರೂ ಆಗಬಹುದು. ಹೀಗೆ ಜಾರಿಸಿ ನುಡಿಸುವಾಗ ತಂತಿ ಮೆಟ್ಟಿಲನ್ನು ಮುಟ್ಟಬೇಕಾದ ಅಗತ್ಯವೇ ಇಲ್ಲ. ಮೆಟ್ಟಿಲು ತಪ್ಪಿದ್ದರೂ ಕಿವಿ ತಪ್ಪದಿದ್ದರೆ ಸಾಕು. ತಂತಿಯ ಅತಿ ಎತ್ತರ ಇಲ್ಲಿ ದೋಷವಾಗದೆ ಅನುಕೂಲವೇ ಆಗುತ್ತದೆ. ನಮ್ಮ ಗೋಟುವಾದ್ಯವನ್ನು ಕೇಳಿದವರಿಗೆ ಈ ಜಾರುನಾದದ ಸೊಗಸು ಹೊಸದಲ್ಲ.

ಅದೇ ಮಿಸಿಸಿಪಿಯಿಂದ 1942ರಲ್ಲಿ ಶಿಕಾಗೋ ನಗರಕ್ಕೆ ಬಂದವನು ಹೌಂಡ್ ಡಾಗ್ ಟೇಲರ್. ಅವನ ಕೈಯಲ್ಲಿದ್ದುದು ಜಪಾನಿನಿಂದ ಬಂದ ಅಗ್ಗದ ವಿದ್ಯುತ್ ಗಿಟಾರ್. ಬೆರಳಿಗೆ ಲೋಹದ ಕೊಳವೆ ತೊಟ್ಟು, ವಾದ್ಯದ ಕರ್ಕಶತೆಯನ್ನು ಮುಚ್ಚಿಡದೆ, ಅದನ್ನೇ ತನ್ನ ದನಿಯಾಗಿ ಮಾಡಿಕೊಂಡು ಸಣ್ಣ ಪಾನಗೃಹಗಳಲ್ಲಿ ನುಡಿಸುತ್ತಿದ್ದ. ಆ ದನಿಗೆ ಮರುಳಾದ ಬ್ರೂಸ್ ಇಗ್ಲಾವರ್ ಎಂಬ ತರುಣ ಕೈಯಲ್ಲಿದ್ದ ಹಣವನ್ನೆಲ್ಲ ಹಾಕಿ, ಆ ಒಬ್ಬನ ಸಂಗೀತಕ್ಕಾಗಿಯೇ ಅಲಿಗೇಟರ್ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ಕಟ್ಟಿದ. 1971ರಲ್ಲಿ ಹೊರಬಂದ ಆ ಸಂಸ್ಥೆಯ ಮೊದಲ ಮುದ್ರಿಕೆ ಟೇಲರನದೇ; ಅವನ ಮೊದಲ ಆಲ್ಬಮ್ ಕೂಡ ಅದೇ. ಆಗ ಅವನಿಗೆ ಐವತ್ತು ದಾಟಿತ್ತು. 1975ರಲ್ಲಿ ಅವನು ತೀರಿಕೊಂಡ. ಅಗ್ಗದ ವಾದ್ಯ ಅವನಿಗೆ ಅಡ್ಡಿಯಾಗಲಿಲ್ಲವೆಂಬುದು ನಿಜ. ಅದರೊಂದಿಗೆ ದಶಕಗಳ ಅಭ್ಯಾಸ ಅವನ ಬೆನ್ನಿಗಿತ್ತೆಂಬುದನ್ನು ನಾವು ಹೇಳಲು ಮರೆಯುತ್ತೇವೆ.

ಹಾಗಾದರೆ ವಾದ್ಯದ ಬೆಲೆ ಯಾತರಲ್ಲಿದೆ? ಮರದಲ್ಲಿದೆ ಎನ್ನುವವರು ಬಹಳ. ಸ್ಪೇನಿನ ಮಹಾಶಿಲ್ಪಿ ಆಂಟೋನಿಯೋ ಡಿ ಟೋರೆಸ್ 1862ರಲ್ಲಿ ಒಂದು ಗಿಟಾರನ್ನು ಮಾಡಿದ. ಅದರ ಮುಂಬಲಗೆ ಮಾತ್ರ ಒಳ್ಳೆಯ ಮರ, ಹಿಂಬದಿಯೂ ಪಕ್ಕಗಳೂ ಕಾಗದದ ರಟ್ಟು. ನಾದಕ್ಕೆ ಮುಖ್ಯವಾದುದು ಮುಂಬಲಗೆಯೆಂದು ಸಾಧಿಸಿ ತೋರಿಸುವುದು ಅವನ ಹಟ. ಬಾರ್ಸಿಲೋನಾ ನಗರದ ಸಂಗೀತ ವಸ್ತುಸಂಗ್ರಹಾಲಯದಲ್ಲಿ ಆ ವಾದ್ಯ ಉಳಿದುಬಂದಿದೆ. ಒಂದೂವರೆ ಶತಮಾನದ ಮೇಲೆ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದ ಸಂಶೋಧಕರು ಹಿಂಬದಿ ಮತ್ತು ಪಕ್ಕಗಳ ಮರದಲ್ಲಿ ಮಾತ್ರ ಭೇದವಿರುವ 6 ಗಿಟಾರುಗಳನ್ನು ಮಾಡಿಸಿ, ಕಣ್ಣಿಗೆ ಕಾಣದಂತೆ 52 ಮಂದಿ ವಾದಕರ ಕೈಗೆ ಕೊಟ್ಟರು. ಆ ಮರಗಳಲ್ಲಿ ನಮ್ಮ ಪಶ್ಚಿಮಘಟ್ಟಗಳಲ್ಲಿ ಬೆಳೆಯುವ ಬೀಟೆಯೂ ಒಂದು. ಅದಕ್ಕಿಂತ ಬಹುಪಾಲು ದುಬಾರಿಯಾದ ಬ್ರೆಜಿಲ್ ದೇಶದ ಬೀಟೆ ಇನ್ನೊಂದು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಣ್ಣು ಕಾಣದಿದ್ದಾಗ ಮರದ ಬೆಲೆ ಕಿವಿಗೂ ಕಾಣಲಿಲ್ಲ. ವಾದಕರು ಆ ಆರನ್ನೂ ಹೆಚ್ಚುಕಡಮೆ ಒಂದೇ ಸಮನಾಗಿ ಮೆಚ್ಚಿದರು.

ಇದನ್ನು ಓದಿದಾಗ ನನಗೆ ಆ ಹುಡುಗನ ನೆನಪಾಯಿತು. ಅಗ್ಗದ ಗಿಟಾರಿನ ನಿಜವಾದ ಕೊರತೆ ಬೀಟೆಯದಲ್ಲ; ಸೀಳಿಗೆ ಬೀಳಬೇಕಾದ ಅರದ ಉಜ್ಜು, ಸಮವಾಗಬೇಕಾದ ಮೆಟ್ಟಿಲು, ಜಾರದೆ ನಿಲ್ಲಬೇಕಾದ ಬಿರಡೆ, ಇವುಗಳದು. ನಮ್ಮ ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ಸ್ವರ ತಪ್ಪಿದರೆ ಬಲ್ಲವನು ಮತ್ತೆ ಕೂರಿಸಿಕೊಡುತ್ತಾನೆ. ಗಿಟಾರಿನ ಮೆಟ್ಟಿಲು ದಂಡಿಯಲ್ಲಿ ಹೊಡೆದು ಕೂರಿಸಿದ್ದು. ಕಲಿಯುವವನ ಕೈಯಲ್ಲಿ ಅದು ವಿಧಿಲಿಖಿತ. ಅದೂ ಹೋಗಲಿ, ಹೊಸಬನಿಗೆ ಮೊದಲು ಕಲಿಸುವ ಸ್ವರಮೇಳಗಳೆಲ್ಲ ಇರುವುದು ಮೊದಲ ಮೂರು ಮೆಟ್ಟಿಲುಗಳಲ್ಲಿ, ಅಂದರೆ ಕೆಟ್ಟ ವಾದ್ಯ ಅತ್ಯಂತ ಕೆಟ್ಟದಾಗಿರುವ ಜಾಗದಲ್ಲಿ. ಬಲ್ಲವನು ಆ ಜಾಗವನ್ನು ದಾಟಿ ಹೋಗುತ್ತಾನೆ. ಕಲಿಯುವವನು ಅಲ್ಲಿಯೇ ನಿಂತು, ಒತ್ತಿದ ಸ್ವರ ಅಪಸ್ವರವಾದಾಗ ತಪ್ಪು ತನ್ನ ಬೆರಳಿನದೋ ವಾದ್ಯದ್ದೋ ತಿಳಿಯದೆ ಒದ್ದಾಡುತ್ತಾನೆ. ಇನ್ನಷ್ಟು ಬಲವಾಗಿ ಒತ್ತುತ್ತಾನೆ. ಸ್ವರ ಇನ್ನಷ್ಟು ಕೆಡುತ್ತದೆ. ಕುಶಲಿಯ ಕೈಯಲ್ಲಿ ಅಗ್ಗದ ವಾದ್ಯ ಹಾಡಿತೆಂಬುದು ಆ ವಾದ್ಯ ಕಲಿಯುವವನಿಗೆ ಸಾಕೆಂಬುದಕ್ಕೆ ಸಾಕ್ಷಿಯಲ್ಲ. ಆದರೂ ಲೋಕದ ರೂಢಿ ನೋಡಿ: ಡೊಂಕು ನೆಲದಲ್ಲೂ ಕುಣಿಯಬಲ್ಲವನಿಗೆ ನುಣುಪಾದ ರಂಗಮಂಟಪ, ಮೊದಲ ಹೆಜ್ಜೆ ಇಡುವವನಿಗೆ ಡೊಂಕು ನೆಲ.

ಈ ರೂಢಿಯಲ್ಲಿ ನಾವು ಅಧ್ಯಾಪಕರೂ ಪಾಲುಗಾರರಲ್ಲವೆ? ಬೀದಿದೀಪದ ಕೆಳಗೆ ಓದಿ ಮೇಲೆ ಬಂದ ಮಹನೀಯರ ಕಥೆಯನ್ನು ನಾವು ಹೇಳುತ್ತೇವೆ. ಆ ಕಥೆ ಮಹನೀಯರ ಹಿರಿಮೆಯನ್ನು ತೋರಿಸುತ್ತದೆಯೇ ಹೊರತು ಬೀದಿದೀಪದ ಹಿರಿಮೆಯನ್ನಲ್ಲ. ಹಳಗನ್ನಡದ ಪಠ್ಯವನ್ನು ಕೈಗಿತ್ತು, ಮನೆಯಲ್ಲಿ ನಿಘಂಟಿಲ್ಲದ, ಓದಿದವರಿಲ್ಲದ ಹುಡುಗಿಗೆ, "ನಾವು ಓದಲಿಲ್ಲವೆ?" ಎಂದು ಕೇಳುವಾಗ ನಾನು ಕೂಡ ವೇದಿಕೆಯ ಮೇಲಿನ ಆ ವಾದಕನೇ ಆಗಿರುತ್ತೇನೆ. ಆದರೆ ಅವರು ಕೆಳಗಿಳಿದು ಬಂದು ನಿಜ ಹೇಳಿದರು, ನಾನು ಹೇಳಿರಲಿಲ್ಲ. ಸಾಧನೆ ಬೇಡವೆಂದು ನನ್ನ ವಾದವಲ್ಲ. ಎಷ್ಟು ಸರಿಯಾದ ವಾದ್ಯ ಕೊಟ್ಟರೂ ಸೋಮಾರಿಯ ಕೈಯಲ್ಲಿ ಅದು ಮರದ ಪೆಟ್ಟಿಗೆಯೇ. ನೆಲ ಡೊಂಕೆಂದು ಯಾರಾದರೂ ಹೇಳಿದಾಗ ಗಾದೆ ಹೇಳುವ ಮೊದಲು ಒಮ್ಮೆ ಬಗ್ಗಿ ನೆಲವನ್ನು ನೋಡಬೇಕೆಂಬುದಷ್ಟೇ ನನ್ನ ಮಾತು.

ನಾನು ನೋಡಿದ್ದು ತಡವಾಗಿ. ವಾರ್ಷಿಕೋತ್ಸವ ಮುಗಿದು ಎರಡು ತಿಂಗಳಾದ ಮೇಲೆ ಆ ಹುಡುಗನನ್ನು ಕರೆದು ಗಿಟಾರ್ ಏನಾಯಿತೆಂದು ವಿಚಾರಿಸಿದೆ. "ಮಂಚದ ಕೆಳಗಿದೆ ಸಾರ್. ಗಿಟಾರ್ ಸರಿಯಾಗೇ ಇತ್ತು. ನನ್ನ ಕೈಯೇ ಸರಿಯಿಲ್ಲ" ಎಂದ. ನನ್ನ ಗಾದೆಯನ್ನು ಅವನು ಅಷ್ಟು ಚೆನ್ನಾಗಿ ಕಲಿತಿದ್ದ! ಬೇರಾವ ಪಾಠವನ್ನೂ ನನ್ನಿಂದ ಯಾರೂ ಇಷ್ಟು ಪೂರ್ತಿಯಾಗಿ ಕಲಿತ ನೆನಪಿಲ್ಲ. ಮಾರನೆಯ ದಿನ ಇಬ್ಬರೂ ಆ ವಾದ್ಯವನ್ನು ಹೊತ್ತು ರಿಪೇರಿಯವನ ಬಳಿಗೆ ಹೋದೆವು. ಅವನು ಕಣ್ಣು ಕಿರಿದುಮಾಡಿ ದಂಡಿಯ ನೇರವನ್ನು ನೋಡಿದ, ಸಣ್ಣ ಅರಗಳನ್ನು ತೆಗೆದು ಅರ್ಧ ಗಂಟೆ ಉಜ್ಜಿದ, ಹೊಸ ತಂತಿ ಕಟ್ಟಿದ, ನಾನೂರು ರೂಪಾಯಿ ತೆಗೆದುಕೊಂಡ. ನನ್ನ ಇಪ್ಪತ್ತು ವರ್ಷದ ಗಾದೆಗೆ ಅಷ್ಟು ದಂಡ ಹೆಚ್ಚೇನಲ್ಲ.

ಹುಡುಗ ಈಗ ಮಹಾವಾದಕನಾಗಿದ್ದಾನೆಂದು ಹೇಳಿದರೆ ಸುಳ್ಳಾದೀತು. ಮೊನ್ನೆ ಹಾಸ್ಟೆಲಿನ ಜಗಲಿಯಲ್ಲಿ ನುಡಿಸುತ್ತಿದ್ದವನು ನನ್ನನ್ನು ಕಂಡು ನಡುವೆ ತಡವರಿಸಿದ. ನಾನು ಬಾಯಿ ತೆರೆಯುವ ಮೊದಲೇ, "ಈಗ ತಪ್ಪು ನನ್ನದೇ ಸಾರ್" ಎಂದು ನಕ್ಕು ಅದೇ ಸಾಲನ್ನು ಮತ್ತೆ ಹಿಡಿದ.