ಮರ ಕಡಿಯದೆ ಮಾಡಿದ ಆಟದ ಬಯಲು



ಆಟದ ಬಯಲು ಬೇಕೆಂದರೆ ಗುಡ್ಡವನ್ನು ಸಮತಟ್ಟು ಮಾಡಬೇಕು, ಗುಡ್ಡ ಸಮತಟ್ಟಾಗಬೇಕಾದರೆ ಮೊದಲು ಅದರ ಮೇಲಿನ ಮರಗಳು ಹೋಗಬೇಕು ಎಂಬುದು ನಮ್ಮ ಮಲೆನಾಡಿನಲ್ಲಿ ಯಾರೂ ಪ್ರಶ್ನಿಸದೆ ನಡೆದುಬಂದಿರುವ ಲೆಕ್ಕ. ಶಾಲೆಗೆ ಮೈದಾನ ಬೇಕಾದರೂ ಹೀಗೆಯೇ, ಹೋಂಸ್ಟೇಗೆ ಬರುವ ಅತಿಥಿಗಳಿಗೆ ಆಡಲು ಜಾಗ ಬೇಕಾದರೂ ಹೀಗೆಯೇ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದು ತೋಟ, ಮನೆ, ಜೀವಗಳು ಹೋದಾಗ, ಅದಕ್ಕೆ ಅತಿವೃಷ್ಟಿಯ ಜೊತೆಗೆ ಇಳಿಜಾರುಗಳನ್ನು ಮನಬಂದಂತೆ ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಹೇಳಿದ್ದನ್ನು ನಾವು ಕೇಳಿಸಿಕೊಂಡೆವು. ನಡತೆಯಲ್ಲಿ ಎಷ್ಟು ಬದಲಾಯಿತೆಂಬುದನ್ನು ಪ್ರತಿಯೊಬ್ಬರೂ ತಮ್ಮ ತೋಟದ ದರೆಯನ್ನು ನೋಡಿ ಹೇಳಬಹುದು.

ಈ ಮಾತು ಈಗ ಏಕೆ ಬಂತೆಂದರೆ, ನಮ್ಮ ಕೆಲವು ಯುವ ಸದಸ್ಯರು ಡಿಸ್ಕ್ ಗಾಲ್ಫ್ ಎಂಬ ಆಟದ ವಿಚಾರವನ್ನು ಪ್ರಸ್ತಾಪಿಸಿದ್ದಾರೆ. ಇದಕ್ಕೆ ಮರ ಕಡಿಯುವುದು ಬೇಡ, ನೆಲ ತಟ್ಟು ಮಾಡುವುದೂ ಬೇಡ, ತೋಟದಲ್ಲಿಯೇ ಅಂಕಣ ಮಾಡಿದರೆ ಹೇಗೆ ಎಂಬುದು ಅವರ ಪ್ರಶ್ನೆ. ಮಕ್ಕಳ ಮನೆಗೆಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಹೋಗಿದ್ದಾಗ ಅಲ್ಲಿಯ ಸಣ್ಣ ಊರೊಂದರ ಕಾಡಿನಲ್ಲಿ ಈ ಆಟವನ್ನು ನೋಡಿ, ಕೆಲವು ದಿನ ಆಡಿಯೂ ಇರುವುದರಿಂದ, ನಮ್ಮ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇವೆ.

ಆಟದ ಸ್ವರೂಪ ಸರಳ. ಗಾಲ್ಫ್‌ನಲ್ಲಿ ಕೋಲಿನಿಂದ ಚೆಂಡು ಹೊಡೆದು ಗುಳಿಗೆ ಬೀಳಿಸುವಂತೆ, ಇಲ್ಲಿ ಅಂಗೈಗಿಂತ ಅಗಲವಾದ ಪ್ಲಾಸ್ಟಿಕ್ ತಟ್ಟೆಯನ್ನು ಎಸೆದು, ಎದೆಯೆತ್ತರದ ಕಬ್ಬಿಣದ ಬುಟ್ಟಿಗೆ ಬೀಳಿಸಬೇಕು. ಬುಟ್ಟಿಯ ಮೇಲೆ ಸರಪಳಿಗಳು ತೂಗುಬಿದ್ದಿರುತ್ತವೆ. ತಟ್ಟೆ ಅವಕ್ಕೆ ಬಡಿದು, ಸದ್ದು ಮಾಡಿ, ಕೆಳಗಿನ ಬುಟ್ಟಿಗೆ ಇಳಿಯುತ್ತದೆ. ಮೊದಲ ಎಸೆತದ ಸ್ಥಳಕ್ಕೆ ಟೀ ಎನ್ನುತ್ತಾರೆ. ಕಾಫಿ ಬೆಳೆಗಾರರು ಈ ಹೆಸರನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ. ತಟ್ಟೆ ಬಿದ್ದಲ್ಲಿಂದ ಮುಂದಿನ ಎಸೆತ. ಕಡಿಮೆ ಎಸೆತಗಳಲ್ಲಿ ಎಲ್ಲ ಬುಟ್ಟಿಗಳನ್ನು ಮುಗಿಸಿದವನೇ ಗೆದ್ದವನು. ಸಣ್ಣ ಊರುಗಳಲ್ಲಿ 9 ಬುಟ್ಟಿ, ದೊಡ್ಡ ಅಂಕಣಗಳಲ್ಲಿ 18. ಅಂದಾಜಿಗೆ ಬುಟ್ಟಿಯೊಂದಕ್ಕೆ ಒಂದು ಎಕರೆ ಹಿಡಿಯಬಹುದು. ಹುಲ್ಲು ಬೆಳೆಸಿ, ನೀರುಣಿಸಿ, ಔಷಧಿ ಹೊಡೆದು ಕಾಪಾಡುವ ನೂರಾರು ಎಕರೆಯ ಗಾಲ್ಫ್ ಮೈದಾನಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಇದು ಬಡವರ ಗಾಲ್ಫ್ ಆಗಿಯೇ ಹುಟ್ಟಿತು. ಕೆನಡಾದ ಸಸ್ಕಾಚೆವಾನ್ ಪ್ರಾಂತದ ಬ್ಲಾಡ್‌ವರ್ತ್ ಎಂಬ ಹಳ್ಳಿಯ ಶಾಲಾ ಮಕ್ಕಳು 1926ರಲ್ಲಿ ಡಬ್ಬಿಯ ತಗಡಿನ ಮುಚ್ಚಳಗಳನ್ನು ನೆಲದ ಮೇಲೆ ಬರೆದ ವೃತ್ತಗಳಿಗೆ ಎಸೆದು ಇದೇ ಬಗೆಯ ಆಟ ಆಡುತ್ತಿದ್ದರೆಂದು ದಾಖಲಾಗಿದೆ. ಹಾರುವ ತಟ್ಟೆಗೆ ಫ್ರಿಸ್ಬಿ ಎಂಬ ಹೆಸರು ಬಂದದ್ದೂ ಕನೆಕ್ಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟ್ ಊರಿನ ಫ್ರಿಸ್ಬಿ ಎಂಬ ಬೇಕರಿಯ ಕಡುಬಿನ ತಗಡಿನಿಂದ. ಕಡುಬು ತಿಂದಾದ ಮೇಲೆ ವಿದ್ಯಾರ್ಥಿಗಳು ತಗಡನ್ನು ಎಸೆದು ಆಡುತ್ತಿದ್ದರು. ಅಡಿಕೆ ಹಾಳೆಯ ಮೇಲೆ ಕುಳಿತು ಅಂಗಳದ ತುಂಬ ಎಳೆಸಿಕೊಂಡು ಬೆಳೆದ ನಮಗೆ, ಕಸುಬಿನ ಕಸದಿಂದ ಆಟ ಹುಟ್ಟುವುದು ಹೊಸ ವಿಷಯವೇನಲ್ಲ.

ಆಟಕ್ಕೆ ಈಗಿನ ರೂಪ ಕೊಟ್ಟವರು ಎಡ್ ಹೆಡ್ರಿಕ್. ಫ್ರಿಸ್ಬಿ ತಯಾರಿಸುತ್ತಿದ್ದ ಕಂಪನಿಯಲ್ಲಿದ್ದ ಅವರು 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಶಾಶ್ವತ ಅಂಕಣವನ್ನು ಮಾಡಿದರು. ಹೆಸರೇ ಹೇಳುವಂತೆ ಅದು ಓಕ್ ಮರಗಳ ತೋಪು. ಮೊದಲು ಬರಿಯ ಕಂಬ ನೆಟ್ಟು ಅದಕ್ಕೆ ತಟ್ಟೆ ತಾಗಿಸುತ್ತಿದ್ದರು. ತಾಗಿತು, ತಾಗಲಿಲ್ಲ ಎಂಬ ಜಗಳ ತೀರಲೆಂದು ಸರಪಳಿಯ ಬುಟ್ಟಿ ಬಂತು. ಅದಕ್ಕೆ 1977ರಲ್ಲಿ ಪೇಟೆಂಟ್ ದೊರೆಯಿತು. ಹೆಡ್ರಿಕ್ 2002ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನೊಡನೆ ಬೆರೆಸಿ ತಟ್ಟೆಗಳನ್ನೇ ಮಾಡಿದರು. ಈಗ ಜಗತ್ತಿನಲ್ಲಿ ಇಂಥ ಅಂಕಣಗಳು 15,000ಕ್ಕೂ ಹೆಚ್ಚಿವೆ. ಕಾಡಿನ ನಾಡಾದ ಫಿನ್ಲೆಂಡಿನಲ್ಲಿ ಸಣ್ಣಪುಟ್ಟ ಊರುಗಳಲ್ಲೂ ಇವು ಕಾಣಸಿಗುತ್ತವೆ. 2020ರ ಕೋವಿಡ್ ಕಾಲದಲ್ಲಿ, ಒಳಾಂಗಣದ ಆಟಗಳೆಲ್ಲ ನಿಂತಾಗ, ಇದನ್ನು ಆಡುವವರ ಸಂಖ್ಯೆ ಬಹಳ ಏರಿತು.

ನಾವು ಆಡಿದ ಅಂಕಣ 9 ಬುಟ್ಟಿಗಳದ್ದು. ಊರಿನ ಅಂಚಿನಲ್ಲಿ, ಮೇಪಲ್, ಓಕ್, ಪೈನ್ ಮರಗಳ ನಡುವೆ ಅದಿತ್ತು. ಟಿಕೆಟ್ ಇಲ್ಲ, ಕಾವಲುಗಾರನಿಲ್ಲ, ಗೇಟೂ ಇಲ್ಲ. ಶಾಲೆ ಬಿಟ್ಟು ಬಂದ ಹುಡುಗರು, ಕೆಲಸ ಮುಗಿಸಿದ ಬಡಗಿ, ನಿವೃತ್ತ ದಂಪತಿಗಳು ಒಬ್ಬರ ಹಿಂದೊಬ್ಬರು ಆಡುತ್ತ ಹೋಗುತ್ತಿದ್ದರು. ಬಯಲಿನಲ್ಲಿ ತೋಳಿನ ಬಲ ಇದ್ದವನು ಗೆದ್ದಾನು. ಕಾಡಿನಲ್ಲಿ ಹಾಗಲ್ಲ. ಎರಡು ಮರಗಳ ನಡುವಿನ ಸಂದಿಯನ್ನು ನೋಡಿ, ತಟ್ಟೆ ಯಾವ ಕಡೆಗೆ ವಾಲೀತೆಂದು ಎಣಿಸಿ ಬಿಡಬೇಕು. ಬಲಗೈಯವನು ಎದೆಯ ಮುಂದಿನಿಂದ ಬೀಸಿ ಬಿಟ್ಟ ತಟ್ಟೆ ವೇಗ ಕುಗ್ಗಿದಂತೆ ಎಡಕ್ಕೆ ವಾಲುತ್ತದೆ. ಅದನ್ನು ತಿಳಿದು ಮರದ ಬಲಗಡೆಯಿಂದ ಬಿಟ್ಟರೆ ಸುತ್ತಿ ಬಂದು ಬುಟ್ಟಿಯ ಹತ್ತಿರ ಕೂರುತ್ತದೆ. ನೆರಳಿನ ಮರಗಳ ಕೊಂಬೆ ಕೊಂಬೆಯನ್ನೂ ನೋಡಿ ಮರಗಸಿ ಮಾಡಿಸಿದ ಕಣ್ಣಿಗೆ ಈ ಲೆಕ್ಕ ಬೇಗ ಹತ್ತುತ್ತದೆ. ಐವತ್ತು ದಾಟಿದವರೂ ಹತ್ತು ವರ್ಷದ ಮಕ್ಕಳೊಡನೆ ಸಮವಾಗಿ ಆಡಬಹುದಾದ ಆಟಗಳು ಹೆಚ್ಚಿಲ್ಲ. ಇದು ಅವುಗಳಲ್ಲೊಂದು.

ಆಟದ ನಿಯಮಗಳಲ್ಲಿ ನಮ್ಮ ಮನಸ್ಸಿಗೆ ಹಿಡಿದದ್ದು ಒಂದು. ತಟ್ಟೆ ಪೊದೆಯೊಳಗೆ ಬಿದ್ದರೆ ಪೊದೆ ಸವರಿ ದಾರಿ ಮಾಡಿಕೊಳ್ಳುವಂತಿಲ್ಲ, ಅಡ್ಡ ಬಂದ ಕೊಂಬೆ ಮುರಿಯುವಂತಿಲ್ಲ. ಗಿಡ ಅತಿ ಕಡಿಮೆ ಅಲುಗುವಂತೆ ನಿಂತು ಎಸೆಯಬೇಕು. ಮುರಿದರೆ ದಂಡ. ಮರ ಇಲ್ಲಿ ಅಡ್ಡಿಯಲ್ಲ, ಆಟದ ಪಾಲುದಾರ. ಮರ ಹೋದರೆ ಆಟವೂ ಹೋಯಿತು. ಆದ್ದರಿಂದ ಆಡುವವರೇ ಮರದ ಕಾವಲಿಗೆ ನಿಲ್ಲುತ್ತಾರೆ.

ಅದೇ ರಾಜ್ಯದ ಲೆಸ್ಟರ್ ಎಂಬ ಸಣ್ಣ ಊರಿನಲ್ಲಿ ಮೇಪಲ್ ಹಿಲ್ ಎಂಬ ತೋಟವಿದೆ. ಅದು ನಮ್ಮಂಥ ಕೃಷಿಕರು ಗಮನಿಸತಕ್ಕ ಉದಾಹರಣೆ. ಮೂಲತಃ ಅದು ಕ್ರಿಸ್ಮಸ್ ಮರ ಬೆಳೆಯುವ ತೋಟ. ಇಂಥ ಮರ ಮಾರಾಟದ ಎತ್ತರಕ್ಕೆ ಬರಲು ಏಳೆಂಟು ವರ್ಷ ಬೇಕು, ಮಾರಾಟವಾಗುವುದು ಮಾತ್ರ ಡಿಸೆಂಬರಿನ ಹತ್ತಿರದ ಕೆಲವೇ ವಾರ. ವರ್ಷಕ್ಕೊಂದು ಫಸಲನ್ನು ನಂಬಿ ಕೂರುವ ಕಷ್ಟ ನಮಗೆ ಗೊತ್ತೇ ಇದೆ. ಅದೇ ತೋಟದಲ್ಲಿ, ಅದರ ಕಾಡು ಮತ್ತು ಕೆರೆಗಳ ನಡುವೆ, ಡಿಸ್ಕ್ ಗಾಲ್ಫ್ ಅಂಕಣ ಮಾಡಿದರು. ಈಗ ಪ್ರತಿ ವರ್ಷ ಅಲ್ಲಿ ದೊಡ್ಡ ವೃತ್ತಿಪರ ಪಂದ್ಯಾವಳಿ ನಡೆಯುತ್ತದೆ. ಈ ತೋಟದೊಡನೆ ನಂಟಿದ್ದ ಸ್ಟೀವ್ ಡಾಡ್ಜ್ 2016ರಲ್ಲಿ ವೃತ್ತಿಪರ ಪಂದ್ಯಗಳ ಸರಣಿಯನ್ನೇ ಆರಂಭಿಸಿದರು. ಆ ಸೀಮೆಯ ಕಾಡುಗಳಲ್ಲಿ ನಡೆದರೆ ಮರಗಳ ನಡುವೆ ಉದ್ದಕ್ಕೆ ಕಲ್ಲುಕಟ್ಟಣೆಯ ಬೇಲಿಗಳು ಕಾಣುತ್ತವೆ. ಒಂದು ಕಾಲಕ್ಕೆ ಅದೆಲ್ಲ ಕಾಡು ಕಡಿದು ಮಾಡಿದ ಹುಲ್ಲುಗಾವಲು, ಹೊಲ. ಹತ್ತೊಂಬತ್ತನೆಯ ಶತಮಾನದಲ್ಲಿ ರೈತರು ಪಶ್ಚಿಮದ ಹಸನಾದ ನೆಲಕ್ಕೂ ಪಟ್ಟಣದ ಕಾರ್ಖಾನೆಗಳಿಗೂ ಹೊರಟುಹೋದ ಮೇಲೆ ಕಾಡು ಹಿಂದಿರುಗಿತು. ಮನೆಯ ಮಕ್ಕಳು ಬೆಂಗಳೂರಿಗೆ ಹೋಗಿ ತೋಟಗಳು ಹಾಳು ಬೀಳುತ್ತಿರುವುದನ್ನು ನೋಡುತ್ತಿರುವ ನಮಗೆ ಆ ಕಲ್ಲುಬೇಲಿಗಳು ಬರಿಯ ಕಲ್ಲುಗಳಾಗಿ ಕಾಣುವುದಿಲ್ಲ.

ಇಷ್ಟು ಓದಿದ ಸದಸ್ಯರು, ಹಾಗಾದರೆ ನಾಳೆಯೇ ಬುಟ್ಟಿ ತರಿಸೋಣವೆಂದು ಹೊರಡಬಾರದು. ಗುಣ ಹೇಳಿದ ಮೇಲೆ ದೋಷವನ್ನೂ ಹೇಳುವುದು ಕರ್ತವ್ಯ.

ಮೊದಲನೆಯದು ಬೇರಿನ ಪ್ರಶ್ನೆ. ಮರ ಕಡಿಯುವುದಿಲ್ಲವೆಂದ ಮಾತ್ರಕ್ಕೆ ಮರಕ್ಕೆ ಹಾನಿಯಿಲ್ಲವೆಂದಲ್ಲ. ನೂರಾರು ಜನ ಒಂದೇ ಜಾಡಿನಲ್ಲಿ ನಡೆದರೆ ತರಗು ಹುಡಿಯಾಗಿ ಹೋಗುತ್ತದೆ, ಮಣ್ಣು ಗಟ್ಟಿಯಾಗುತ್ತದೆ, ಮಳೆನೀರು ಇಂಗದೆ ಹರಿದು ಮೇಲ್ಮಣ್ಣನ್ನು ಒಯ್ಯುತ್ತದೆ, ಕೊನೆಗೆ ಬೇರು ಮೇಲೆ ಕಾಣುತ್ತದೆ. ನಾವು ಆಡಿದ ಕಾಡಿನಲ್ಲಿಯೇ ಬುಟ್ಟಿಗಳ ಸುತ್ತ ಹೀಗೆ ಬೇರು ಬಿಟ್ಟುಕೊಂಡ ನೆಲವನ್ನು ಕಂಡೆವು. ಎರಡನೆಯದು ತೊಗಟೆ. 1983ರಲ್ಲಿ ಡೇವ್ ಡುನಿಪೇಸ್ ಎಂಬವರು ಅಂಚು ತೆಳುವಾದ ತಟ್ಟೆಯನ್ನು ರೂಪಿಸಿದ ಮೇಲೆ ತಟ್ಟೆಗಳ ವೇಗ ಹೆಚ್ಚಿತು, ಮರಕ್ಕೆ ಬೀಳುವ ಪೆಟ್ಟೂ ಹೆಚ್ಚಿತು. ಟೀ ಎದುರಿನ ಮರಗಳ ಮೈಮೇಲೆ ಗಾಯಗಳು ಎದ್ದು ಕಾಣುತ್ತವೆ.

ಇದಕ್ಕೆ ಅಲ್ಲಿಯವರು ಕಂಡುಕೊಂಡ ಉಪಾಯಗಳೂ ಇವೆ. ಪ್ರತಿ ಬುಟ್ಟಿಗೆ ಎರಡು ಮೂರು ಜಾಗ ಗೊತ್ತುಮಾಡಿ, ಆಗಾಗ ಅದನ್ನು ಕಿತ್ತು ಬೇರೆ ಜಾಗದಲ್ಲಿ ನೆಡುತ್ತಾರೆ; ಬಿಟ್ಟ ನೆಲಕ್ಕೆ ವಿಶ್ರಾಂತಿ. ನಡೆದಾಡುವ ಜಾಡಿಗೆ ಮರದ ಚಕ್ಕೆಗಳನ್ನು ದಪ್ಪವಾಗಿ ಹರಡುತ್ತಾರೆ. ಹೆಚ್ಚು ಪೆಟ್ಟು ತಿನ್ನುವ ಮರಗಳ ಮುಂದೆ ಗೂಟಗಳನ್ನು ನೆಟ್ಟು ಕಾಯುತ್ತಾರೆ. ಈ ಕೆಲಸವನ್ನೆಲ್ಲ ಸಣ್ಣ ಊರುಗಳಲ್ಲಿ ಆಟಗಾರರೇ ರಜಾ ದಿನ ಗುದ್ದಲಿ ಹಿಡಿದು ಮಾಡುತ್ತಾರೆ. ವಾರಕ್ಕೊಮ್ಮೆ ಪಂದ್ಯವಿಟ್ಟು, ತಲೆಗೆ ಒಂದೆರಡು ಡಾಲರ್ ಕೂಡಿಸಿ, ಬುಟ್ಟಿ, ಚಕ್ಕೆಗಳಿಗೆ ವೆಚ್ಚ ಮಾಡುತ್ತಾರೆ. ಸಹಕಾರ ಎಂಬ ಶಬ್ದವನ್ನು ಅವರು ಬಳಸುವುದಿಲ್ಲ, ಆದರೆ ನಡೆಯುವುದು ಅದೇ. ಎಲ್ಲಿ ಇಂಥ ಒಕ್ಕೂಟವಿದೆಯೋ ಅಲ್ಲಿ ಕಾಡು ಚೆನ್ನಾಗಿದೆ. ಎಲ್ಲಿ ಬುಟ್ಟಿ ನೆಟ್ಟು ಮರೆತರೋ ಅಲ್ಲಿ ಕೆಸರು, ಬೇರು, ಕಸ.

ಈಗ ನಮ್ಮ ತೋಟಗಳ ವಿಚಾರ. ಕಾಫಿ ಗಿಡಗಳ ನಡುವೆ ಈ ಆಟ ಬೇಡವೇ ಬೇಡ. ಕಾಫಿಯ ಹೀರುಬೇರುಗಳು ಹೆಚ್ಚಾಗಿ ಮೇಲಿನ ಒಂದಡಿ ಮಣ್ಣಿನಲ್ಲಿವೆ. ತೊಟ್ಟಿಲು ಗುಂಡಿ ತೆಗೆದು, ತರಗು ಹೊದಿಸಿ ನಾವು ಕಾಪಾಡಿಕೊಂಡು ಬಂದ ಆ ಮಣ್ಣನ್ನು ಅತಿಥಿಗಳ ಬೂಟಿಗೆ ಒಪ್ಪಿಸಬಾರದು. ಅರೇಬಿಕಾದ ಕಾಂಡದ ಬಿರುಕುಗಳಲ್ಲಿ ಬಿಳಿ ಕಾಂಡಕೊರಕ ಮೊಟ್ಟೆಯಿಡುವುದು ಎಲ್ಲರಿಗೂ ತಿಳಿದ ವಿಷಯ. ಇರುವ ಬಿರುಕು ಸಾಲದೆಂದು ತಟ್ಟೆಯಿಂದ ಹೊಸದು ಮಾಡಬೇಕೆ? ಅಡಿಕೆ ತೋಟವಂತೂ ಸುತರಾಂ ಸಲ್ಲದು. ಓಕ್ ಅಥವಾ ಮಾವಿನ ಮರ ಗಾಯವನ್ನು ಹೊಸ ತೊಗಟೆಯಿಂದ ಮುಚ್ಚಿಕೊಳ್ಳುತ್ತದೆ. ಅಡಿಕೆ, ತೆಂಗು ಮೊದಲಾದ ತಾಳೆ ಜಾತಿಯ ಮರಗಳಿಗೆ ಆ ಶಕ್ತಿಯಿಲ್ಲ. ಅವುಗಳ ಕಾಂಡಕ್ಕೆ ಆದ ಗಾಯ ಕೊನೆಯವರೆಗೂ ಗಾಯವೇ. ಮೇಲಾಗಿ ಸೋಗೆ ಬೀಳುವಲ್ಲಿ ತಲೆ ಎತ್ತಿ ತಟ್ಟೆ ನೋಡುತ್ತ ನಿಲ್ಲುವುದು ಕ್ಷೇಮವಲ್ಲ. ಸೊಪ್ಪಿನ ಬೆಟ್ಟವನ್ನು ನಮಗೆ ಬಿಟ್ಟಿರುವುದು ಸೊಪ್ಪು, ದರಕುಗಳಿಗೆ. ಅಲ್ಲಿ ಹಣ ತೆಗೆದುಕೊಂಡು ಆಟ ಆಡಿಸುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ.

ಹಾಗಾದರೆ ಎಲ್ಲಿ? ನಮ್ಮ ಅಭಿಪ್ರಾಯದಲ್ಲಿ, ಮಾಡುವುದಾದರೆ, ಊರಿನ ಶಾಲೆಯ ಪಕ್ಕದ ಮರದ ತೋಪಿನಲ್ಲಿ, ಶಾಲೆಯ ಮತ್ತು ಪಂಚಾಯಿತಿಯ ಒಪ್ಪಿಗೆ ಪಡೆದು, ಎಲ್ಲರಿಗೂ ಮುಕ್ತವಾಗಿ ಮಾಡಬೇಕು. ಆರೇಳು ಬುಟ್ಟಿ ಸಾಕು. ಊರಿನ ಕಬ್ಬಿಣ ಕೆಲಸದವರು ಮಾದರಿ ನೋಡಿ ಬುಟ್ಟಿ ಬೆಸೆದುಕೊಟ್ಟಾರು. ಬೆಳೆಗಾರರ ಮಕ್ಕಳೂ ಲೈನಿನ ಕಾರ್ಮಿಕರ ಮಕ್ಕಳೂ ಒಂದೇ ಬುಟ್ಟಿಗೆ ತಟ್ಟೆ ಎಸೆಯುವಂತಾದರೆ ಅದೇ ದೊಡ್ಡ ಲಾಭ. ಮಳೆಗಾಲದ ನಾಲ್ಕು ತಿಂಗಳು ಅಂಕಣ ಮುಚ್ಚಿರಬೇಕು. ಇದನ್ನು ನಾವು ಹೇಳದಿದ್ದರೂ ಉಂಬಳಗಳು ಹೇಳುತ್ತವೆ. ಆ ವಿರಾಮದಲ್ಲಿ ನೆಲ ಮತ್ತೆ ತರಗು ಹೊದೆದುಕೊಳ್ಳುತ್ತದೆ. ಬುಟ್ಟಿಗಳ ಜಾಗ ವರ್ಷವರ್ಷವೂ ಬದಲಾಗಬೇಕು. ನೋಡಿಕೊಳ್ಳುವವರ ಹೆಸರುಗಳನ್ನು ಬುಟ್ಟಿ ನೆಡುವ ಮೊದಲೇ ಬರೆದುಕೊಳ್ಳಬೇಕು. ಹೆಸರು ಸಿಕ್ಕದಿದ್ದರೆ ನೆಡುವುದೂ ಬೇಡ.

ಹೋಂಸ್ಟೇ ನಡೆಸುವ ಸದಸ್ಯರಿಗೆ ಕಾರ್ಯದರ್ಶಿಯಾಗಿ ಒಂದು ಮಾತು. ಮೇಪಲ್ ಹಿಲ್ ಹಣ ಪಡೆಯುತ್ತದೆ, ಏಕೆಂದರೆ ಅದರ ಹೆಸರು ಕೇಳಿ ದೂರದಿಂದ ಆಟಗಾರರು ಬರುತ್ತಾರೆ. ಅಮೆರಿಕದ ಹೆಚ್ಚಿನ ಅಂಕಣಗಳು ಉಚಿತ. ಆಡುವವರೇ ಇಲ್ಲದ ಕಡೆ ಅಂಕಣ ಮಾಡಿ ಆದಾಯದ ಕನಸು ಕಾಣುವುದು, ಹೂಮಳೆ ಬೀಳುವ ಮೊದಲೇ ಫಸಲು ಮಾರಿದಂತೆ. ಇದಕ್ಕಾಗಿ ಸಂಘದಲ್ಲಿ ಸಾಲ ಕೇಳಿದರೆ ನಾವು ಬೇಡವೆಂದೇ ಸಲಹೆ ಕೊಡುತ್ತೇವೆ. ತೋಟದ ಅಂಚಿನಲ್ಲಿ, ಬೆಳೆಯಿಲ್ಲದ ಸ್ವಂತ ಜಾಗದಲ್ಲಿ, ಕೈಲಿದ್ದ ಹಣದಿಂದ ಎರಡು ಬುಟ್ಟಿ ನೆಟ್ಟು ಮಕ್ಕಳೊಡನೆ ಆಡುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಒಟ್ಟಿನಲ್ಲಿ ನಾವು ಹೇಳುವುದಿಷ್ಟೆ. ಇರುವ ಮರವನ್ನು ಇದ್ದಲ್ಲಿಯೇ ಬಿಟ್ಟು ಆಟದ ಬಯಲು ಮಾಡಬಹುದೆಂಬ ವಿಚಾರ ಒಳ್ಳೆಯದು, ನಮ್ಮ ಗುಡ್ಡಗಳಿಗೆ ಹೊಂದುವಂಥದು. ಆದರೆ ಮರ ನಿಂತಿದೆ ಎಂದ ಮಾತ್ರಕ್ಕೆ ಅದು ಕ್ಷೇಮವಾಗಿದೆ ಎಂದುಕೊಳ್ಳಬಾರದು. ಅದರ ಬುಡವನ್ನೂ ನೋಡಬೇಕು. ಈ ಬಗ್ಗೆ ಒಪ್ಪಿಗೆಯಿರುವವರೂ ಇಲ್ಲದವರೂ ಮುಂದಿನ ಮಾಸಿಕ ಸಭೆಯಲ್ಲಿ ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇವೆ. ತಮ್ಮ ಊರಿನ ಶಾಲೆಯ ಪಕ್ಕದಲ್ಲಿ ಇನ್ನೂ ಮರಗಳು ನಿಂತಿರುವ ತೋಪು ಇದ್ದರೆ, ಅದರ ವಿವರವನ್ನೂ ತರಬೇಕಾಗಿ ವಿನಂತಿ.

— ಕಾರ್ಯದರ್ಶಿ