ನಮ್ಮದು ಎಂಬುದರ ಲೆಕ್ಕ

ಬೀರೂರಿನ ರೈಲು ನಿಲ್ದಾಣದಲ್ಲಿ ಹಾದಿ ಎರಡಾಗುತ್ತದೆ. ಬೆಂಗಳೂರಿನಿಂದ ಕಡೂರನ್ನು ದಾಟಿ ಬಂದ ರೈಲು ಒಂದು ಹಾದಿ ಹಿಡಿದರೆ ಅಜ್ಜಂಪುರ, ಇನ್ನೊಂದು ಹಿಡಿದರೆ ತರೀಕೆರೆ. ಈ ಮೂರು ಊರುಗಳ ಮೂವರು ಸ್ನೇಹಿತರಲ್ಲಿ ನಾನೊಬ್ಬ. ನಾನು ಕಡೂರಿನವನು, ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ನಿವೃತ್ತನಾದವನು. ತರೀಕೆರೆಯ ಮಿತ್ರರಿಗೆ ಅಡಿಕೆ ತೋಟವುಂಟು. ಅಜ್ಜಂಪುರದವರು ಈರುಳ್ಳಿ ಬೆಳೆಯುವವರು. ರಾಜಕೀಯವೇ ಇರಲಿ, ಊಟದ ರುಚಿಯೇ ಇರಲಿ, ಯಾವುದರಲ್ಲಿಯೂ ಒಮ್ಮತವಿಲ್ಲದ ನಮ್ಮನ್ನು ಹದಿನೆಂಟು ವರ್ಷ ಒಂದೇ ನೊಗಕ್ಕೆ ಕಟ್ಟಿದ್ದು ರಾಯಲ್ ಚಾಲೆಂಜರ್ಸ್ ಎಂಬ ಬೆಂಗಳೂರಿನ ಕ್ರಿಕೆಟ್ ತಂಡ.

ತಲೆ ನರೆತ ಮೇಲೆ ಇದೆಂಥ ಹುಚ್ಚು ಎಂದು ವಾಚಕರು ನಕ್ಕರೆ ನನಗೆ ಬೇಸರವಿಲ್ಲ. ನಮ್ಮ ಮನೆಯಲ್ಲಿಯೇ ನಕ್ಕವರುಂಟು. ಆದರೆ ಕಾಯುವ ವಿದ್ಯೆಯನ್ನು ನಮ್ಮ ತಲೆಮಾರು ಕಲಿತದ್ದು ಇಂದು ನಿನ್ನೆಯಲ್ಲ. 1934ರ ನವೆಂಬರಿನಲ್ಲಿ ರಣಜಿ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯವನ್ನು ಮದರಾಸಿನೊಡನೆ ಆಡಿದ್ದು ನಮ್ಮ ಮೈಸೂರು ತಂಡ. ಅದು ಒಂದೇ ದಿನದಲ್ಲಿ ಸೋತು ಬಂದಿತು. ಆ ಕಪ್ ನಮ್ಮ ಕೈಸೇರಿದ್ದು 1974ರಲ್ಲಿ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಮರುವರ್ಷ. ಸತತವಾಗಿ ಹದಿನೈದು ವರ್ಷ ಗೆದ್ದಿದ್ದ ಮುಂಬಯಿಯನ್ನು ಉಪಾಂತ್ಯ ಪಂದ್ಯದಲ್ಲಿ ತಡೆದಾಗ 162 ರನ್ ಹೊಡೆದವರು ಜಿ. ಆರ್. ವಿಶ್ವನಾಥ್. ಅವರು ಹುಟ್ಟಿದ್ದು ತರೀಕೆರೆಯ ಪಕ್ಕದ ಭದ್ರಾವತಿಯಲ್ಲಿ. ಪ್ರಸನ್ನ, ಚಂದ್ರಶೇಖರ್, ಕಿರ್ಮಾನಿ, ಬ್ರಿಜೇಶ್ ಪಟೇಲ್ ಇದ್ದ ಆ ತಂಡ ನಮ್ಮದು ಹೇಗೆಂದು ಆಗ ಯಾರೂ ಯಾರನ್ನೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ಐಪಿಎಲ್ ತಂಡದ ಮಾತು ಬೇರೆ. ಅದಕ್ಕೆ ಮಾಲೀಕರಿದ್ದಾರೆ, ಆಟಗಾರರನ್ನು ಹರಾಜಿನಲ್ಲಿ ಕೊಳ್ಳುತ್ತಾರೆ. ಆದರೂ ಊರಿನ ಹೆಸರೊಂದು ಸಾಕಾಯಿತು. ನಾವು ಮೂವರೂ ಕೇಳದೆಯೇ ಒಪ್ಪಿಕೊಂಡೆವು. 2008ರ ಏಪ್ರಿಲ್ 18ರ ಮೊದಲ ಪಂದ್ಯದಲ್ಲಿಯೇ ಬುದ್ಧಿ ಕಲಿಯಬೇಕಾಗಿತ್ತು. ಕೊಲ್ಕತ್ತೆಯ ಮೆಕಲಮ್ ಒಬ್ಬರೇ 158 ಹೊಡೆದರು. ನಮ್ಮವರೆಲ್ಲರೂ ಸೇರಿ ಹೊಡೆದದ್ದು 82. ಮುಂದೆ ಮೂರು ಬಾರಿ ಅಂತಿಮ ಪಂದ್ಯ, ಮೂರು ಬಾರಿಯೂ ಸೋಲು. 2009ರಲ್ಲಿ 6 ರನ್, 2011ರಲ್ಲಿ 58 ರನ್, 2016ರಲ್ಲಿ ಬೆಂಗಳೂರಿನಲ್ಲಿಯೇ 8 ರನ್ ಅಂತರ. ಆ ವರ್ಷ ಕೊಹ್ಲಿ ಹೊಡೆದ 973 ರನ್ನುಗಳೂ ಸಾಲದಾದವು. ಮರುವರ್ಷ ಕೊಲ್ಕತ್ತೆಯಲ್ಲಿ ಇಡೀ ತಂಡ 49ಕ್ಕೆ ಮುಗಿಯಿತು. "ಅಡಿಕೆ ಸಸಿ ನೆಟ್ಟವನು ಐದಾರು ವರ್ಷ ಕಾಯುತ್ತಾನೆ, ಮೇಷ್ಟ್ರೇ. ಹತ್ತು ವರ್ಷವಾದರೂ ಫಲ ಕೊಡದ ಮರವನ್ನು ಯಾರು ಉಳಿಸಿಕೊಳ್ಳುತ್ತಾರೆ?" ಎಂದು ತರೀಕೆರೆಯವರು ಪ್ರತಿ ವರ್ಷವೂ ಕೇಳಿದರು. ಪ್ರತಿ ವರ್ಷವೂ ಉಳಿಸಿಕೊಂಡರು.

ಅಭಿಮಾನಿಗಳಲ್ಲಿ ಮೂರು ಬಗೆ. ತರೀಕೆರೆಯವರು ನಿರಾಶಾವಾದಿ. ಕೊನೆಯ ಓವರು ಬಂದೊಡನೆ ಎದ್ದು ಹೊರಗೆ ಹೋಗುತ್ತಾರೆ. ತಾವು ನೋಡಿದರೆ ತಂಡ ಸೋಲುತ್ತದೆಂಬುದು ಅವರ ದೃಢವಾದ ನಂಬಿಕೆ. ಅಜ್ಜಂಪುರದವರು ವಾದವಿಲ್ಲದ ಭಕ್ತರು. ‘ಈ ಸಲ ಕಪ್ ನಮ್ದೇ’ ಎಂಬ ಮಾತನ್ನು ಏಪ್ರಿಲಿನಲ್ಲಿ ಎಷ್ಟು ಗಟ್ಟಿಯಾಗಿ ಹೇಳುತ್ತಾರೆಯೋ ಸೋತ ಮೇಲೆಯೂ ಅಷ್ಟೇ ಗಟ್ಟಿಯಾಗಿ ಹೇಳಬಲ್ಲರು. ನಾನು ಲೆಕ್ಕದವನು. ಅಂಕಗಳೆಷ್ಟು, ಉಳಿದ ಪಂದ್ಯಗಳೆಷ್ಟು, ಯಾರು ಯಾರನ್ನು ಸೋಲಿಸಿದರೆ ನಮಗೆ ಪ್ಲೇ-ಆಫ್ ಬಾಗಿಲು ತೆರೆಯುತ್ತದೆಂದು ಹಳೆಯ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳುವವನು.

ಆ ಪುಸ್ತಕಕ್ಕೆ ನಿಜವಾದ ಕೆಲಸ ಬಂದದ್ದು 2024ರಲ್ಲಿ. ಮೊದಲ ಎಂಟು ಪಂದ್ಯಗಳಲ್ಲಿ ಗೆಲುವು ಒಂದೇ ಒಂದು. ತರೀಕೆರೆಯವರು ಉತ್ತರಕ್ರಿಯೆಯನ್ನು ಮುಗಿಸಿಬಿಟ್ಟಿದ್ದರು. ಅಷ್ಟರಲ್ಲಿ ತಂಡ ಗೆಲ್ಲತೊಡಗಿತು. ಸಾಲಾಗಿ ಐದು ಗೆದ್ದಿತು. ಮೇ 18ರಂದು ಬೆಂಗಳೂರಿನಲ್ಲಿ ಚೆನ್ನೈಯೊಡನೆ ಕೊನೆಯ ಲೀಗ್ ಪಂದ್ಯ. ಗೆದ್ದರೆ ಸಾಲದು, 18 ರನ್ನಿಗಾದರೂ ಗೆಲ್ಲಬೇಕು. ಮಳೆಯಿಂದ ಪಂದ್ಯ ನಿಂತು ಅಂಕ ಹಂಚಿಹೋದರೆ ಚೆನ್ನೈ ಒಳಗೆ, ನಾವು ಹೊರಗೆ. ನಮ್ಮ ಮನೆಯಲ್ಲಿ ಮೂವರೂ ಸೇರಿದ್ದೆವು. ಮೂರು ಓವರು ಮುಗಿಯುತ್ತಲೇ ಮಳೆ ಬಂದಿತು. ಮೇ ತಿಂಗಳಲ್ಲಿ ಮಳೆ ಬೇಡವೆಂದು ಅಜ್ಜಂಪುರದ ರೈತನೊಬ್ಬ ಕೈಮುಗಿದುದನ್ನು ನಾನು ಕಂಡದ್ದು ಅದೇ ಮೊದಲು, ಅದೇ ಕೊನೆ.

ಮಳೆ ನಿಂತಿತು. ನಮ್ಮವರು 218 ಹೊಡೆದರು. ಚೆನ್ನೈ ಗೆಲ್ಲಬೇಕಾಗಿಯೂ ಇರಲಿಲ್ಲ. 201 ಮುಟ್ಟಿದರೆ ಅವರ ಪಾಲಿಗೆ ಸಾಕು. ಕೊನೆಯ ಓವರಿಗೆ ಬೇಕಾದದ್ದು 17, ಎದುರಿಗೆ ಧೋನಿ. ತರೀಕೆರೆಯವರು ಎದ್ದು ಹೋದರು. ಯಶ್ ದಯಾಳ್ ಎಸೆದ ಮೊದಲ ಚೆಂಡನ್ನೇ ಧೋನಿ ಮೈದಾನದಾಚೆಗೆ ಅಟ್ಟಿದರು. ಎರಡನೆಯ ಚೆಂಡಿಗೆ ಔಟಾದರು. ಆ ಓವರಿನಲ್ಲಿ ಬಂದದ್ದು ಏಳೇ ರನ್. ನಾವು 27 ರನ್ನಿಗೆ ಗೆದ್ದೆವು. ಅಂಗಳದಿಂದ ಓಡಿಬಂದ ತರೀಕೆರೆಯವರ ಕಣ್ಣಿನಲ್ಲಿ ನೀರಿತ್ತು. ನಾಲ್ಕು ದಿನಗಳ ಬಳಿಕ ಅಹಮದಾಬಾದಿನಲ್ಲಿ ರಾಜಸ್ಥಾನದವರು ನಮ್ಮನ್ನು ಸೋಲಿಸಿ ಮನೆಗೆ ಕಳುಹಿಸಿದರೆಂಬುದು ಬೇರೆಯ ಮಾತು. ಆಗ ತರೀಕೆರೆಯವರ ಸೊಸೆ ಹೇಳಿದ ಮಾತನ್ನು ಮಾತ್ರ ಇಲ್ಲಿ ದಾಖಲಿಸಬೇಕು: "ಮಾವನವರೇ, ಹೆಣ್ಣುಮಕ್ಕಳು ಕಪ್ ತಂದು ಎರಡು ತಿಂಗಳಾಯಿತು. ನಿಮಗಾರಿಗೂ ನೆನಪೇ ಇಲ್ಲವಲ್ಲ!" ನಿಜ. ಮಾರ್ಚ್ 17ರಂದು ದೆಹಲಿಯಲ್ಲಿ ಮಹಿಳೆಯರ ತಂಡ ಗೆದ್ದಿತ್ತು. ನಮ್ಮ ಶ್ರೇಯಾಂಕಾ ಪಾಟೀಲ್ ನಾಲ್ಕು ವಿಕೆಟ್ ಕಿತ್ತಿದ್ದಳು. ನಾವು ಮೂವರು ಗಂಡಸರೂ ತಲೆ ತಗ್ಗಿಸಿದೆವು.

2025ರಲ್ಲಿ ನನ್ನ ಹಾಜರಿ ಪುಸ್ತಕಕ್ಕೆ ಕೆಲಸವೇ ಇರಲಿಲ್ಲ. ಗಾದೆಯನ್ನು ತಿರುಗಿಸಿದ ಹಾಗೆ ಆ ತಂಡ ಮೊದಲಿಗೆ ಮನೆಯಲ್ಲಿ ಇಲಿ, ಬೀದಿಯಲ್ಲಿ ಹುಲಿ. ಬೆಂಗಳೂರಿನ ಮೊದಲ ಮೂರು ಪಂದ್ಯಗಳನ್ನೂ ಸೋತವರು ಹೊರಗಿನ ಏಳು ಲೀಗ್ ಪಂದ್ಯಗಳಲ್ಲಿ ಏಳನ್ನೂ ಗೆದ್ದರು. ರಜತ್ ಪಾಟೀದಾರರ ನಾಯಕತ್ವದಲ್ಲಿ 19 ಅಂಕ, ಎರಡನೆಯ ಸ್ಥಾನ. ಜೂನ್ 3ರ ರಾತ್ರಿ ಪಂಜಾಬಿನೊಡನೆ ಅಂತಿಮ ಪಂದ್ಯ. ನಮ್ಮವರು 190, ಕೃಣಾಲ್ ಪಾಂಡ್ಯ ನಾಲ್ಕು ಓವರಿಗೆ ಕೊಟ್ಟದ್ದು ಹದಿನೇಳೇ ರನ್. ಕೊನೆಯ ಓವರಿನ ಮೊದಲೆರಡು ಚೆಂಡುಗಳಿಗೆ ರನ್ ಬಾರದಾಗ ಪಂದ್ಯವಿನ್ನೂ ಮುಗಿಯುವ ಮುನ್ನವೇ ಕೊಹ್ಲಿ ಕಣ್ಣೀರಿಟ್ಟರು. ಗೆಲುವು ಆರು ರನ್ನಿನದು. ನಮ್ಮ ಕಡೆಯ ಹನ್ನೊಂದು ಮಂದಿಯಲ್ಲಿ ಕನ್ನಡಿಗನೆಂದರೆ ಮಯಾಂಕ್ ಅಗರವಾಲ್ ಒಬ್ಬನೇ. ಎದುರು ಪಕ್ಷದಲ್ಲಿಯೂ ವೈಶಾಖ್ ವಿಜಯಕುಮಾರ್ ಎಂಬ ಬೆಂಗಳೂರಿನ ಹುಡುಗನಿದ್ದ. ಅಂದು ಆ ಲೆಕ್ಕವನ್ನು ಯಾರು ಕೇಳುತ್ತಾರೆ? ಕಡೂರಿನ ಬೀದಿಯಲ್ಲಿ ನಡುರಾತ್ರಿ ಪಟಾಕಿ ಸಿಡಿಯಿತು.

ಮರುದಿನ ನಸುಕಿನಲ್ಲಿ ಅಜ್ಜಂಪುರದ ಮಿತ್ರರ ಮಗನಿಂದ ಟೆಲಿಫೋನ್ ಬಂದಿತು. ಕಾಲೇಜು ಓದುವ ಹುಡುಗ. "ತಾತ, ತಂಡ ಬೆಂಗಳೂರಿಗೆ ಬರುತ್ತದಂತೆ. ಬೀರೂರಿನಿಂದ ರೈಲು ಹಿಡಿಯುತ್ತೇನೆ. ಅಪ್ಪ ಬೇಡವೆನ್ನುತ್ತಾರೆ, ನೀವೊಂದು ಮಾತು ಹೇಳಿ." ಹಿಂದಿನ ಸಂಜೆ ಮಳೆಯಾಗಿತ್ತು, ಈರುಳ್ಳಿ ಬಿತ್ತನೆಗೆ ಹೊಲ ಹದವಾಗಿತ್ತು. ನಾನು ಹುಡುಗನ ಪರವಾಗಿಯೇ ವಾದಿಸಿದೆ. "ಬಿತ್ತನೆ ಒಂದು ದಿನ ತಡವಾದರೇನು? ಇಂಥ ದಿನ ಮತ್ತೆ ಬರಲು ಹದಿನೆಂಟು ವರ್ಷ ಬೇಕಾದೀತು" ಎಂದೆ. ಆ ಮಹಾಭಕ್ತರು ಜಗ್ಗಲಿಲ್ಲ. "ಮೇಷ್ಟ್ರೇ, ಕಪ್ ಎಲ್ಲಿಗೂ ಓಡಿಹೋಗುವುದಿಲ್ಲ, ಹದ ಓಡಿಹೋಗುತ್ತದೆ" ಎಂದು ಮಾತು ಮುಗಿಸಿದರು. ಹುಡುಗ ಮುಖ ಊದಿಸಿಕೊಂಡು ಹೊಲಕ್ಕೆ ಹೋದನಂತೆ.

ಆ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಾಗಿ ಹನ್ನೊಂದು ಜನ ಸತ್ತರು. ಐವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಎಳೆಯರು. ಆ ಹುಡುಗನ ವಯಸ್ಸಿನವರೂ ಇದ್ದರು, ಅವನಿಗಿಂತ ಚಿಕ್ಕವರೂ ಇದ್ದರು. ಸುದ್ದಿ ನೋಡಿದ ಮೇಲೆ ಅಜ್ಜಂಪುರಕ್ಕೆ ಟೆಲಿಫೋನ್ ಮಾಡಲು ನನ್ನ ಕೈ ಏಳಲಿಲ್ಲ. ರಾತ್ರಿ ಅವರೇ ಮಾಡಿದರು. ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಕೊನೆಗೆ, "ಮಳೆ ಬಂದದ್ದು ಒಳ್ಳೆಯದಾಯಿತು, ಮೇಷ್ಟ್ರೇ" ಎಂದರು.

ನಾನು ಜೀವಮಾನವೆಲ್ಲ ಲೆಕ್ಕ ಕಲಿಸಿದವನು. ಆ ಕ್ರೀಡಾಂಗಣದಲ್ಲಿ ಹಿಡಿಸುವವರು ಸುಮಾರು 35 ಸಾವಿರ. ಸೇರಿದವರು ಎರಡು ಮೂರು ಲಕ್ಷವೆಂದು ಸರಕಾರವೇ ಹೇಳಿತು. ಇಷ್ಟು ಸಣ್ಣ ಲೆಕ್ಕವನ್ನು ಮುಂದಾಗಿ ಮಾಡುವವರು ಒಬ್ಬರೂ ಇರಲಿಲ್ಲವೇ? ಜನರನ್ನು ‘ಬನ್ನಿ’ ಎಂದು ಕರೆಯುವವರು ಎಷ್ಟು ಮಂದಿ ಬಂದಾರೆಂದು ಎಣಿಸಬೇಕು. ಹಾಗೆಂದು ಇತರರ ಮೇಲೆ ಹೊರೆಸಿ ನಾನು ಕೈತೊಳೆದುಕೊಳ್ಳಲಾರೆ. ‘ಹೋಗಲಿ ಬಿಡಿ’ ಎಂದು ಹುಡುಗನ ಪರವಾಗಿ ವಾದಿಸಿದವನು ನಾನು. ಪ್ಲೇ-ಆಫ್ ಲೆಕ್ಕವನ್ನು ದಶಾಂಶದವರೆಗೆ ಹಾಕಿದವನಿಗೆ ಅಂದು ಈ ಲೆಕ್ಕ ಹೊಳೆಯಲಿಲ್ಲ.

‘ನಮ್ದೇ’ ಎಂದೆವು. ಯೋಚಿಸಿದರೆ ಅದರಲ್ಲಿ ನಮ್ಮದೇನಿತ್ತು? ತಂಡ ಮಾಲೀಕರದು, ಆಟ ಆಟಗಾರರದು, ಕಪ್ ಅವರ ಕಪಾಟಿನದು. ನಮ್ಮದೆಂಬುದು ಕಾಯುವಿಕೆಯೊಂದೇ. ಆ ಹನ್ನೊಂದು ಜನರೂ ನಮ್ಮ ಹಾಗೆಯೇ ಕಾದವರು. ಆದ್ದರಿಂದ ಕಪ್ಪಿಗಿಂತ ಮೊದಲು ಅವರು ನಮ್ಮವರು. ಗೆಲುವಿನಲ್ಲಿ ಪಾಲು ಕೇಳಿದವರು ಆ ಮನೆಗಳ ದುಃಖದಲ್ಲಿಯೂ ಪಾಲು ಹೊರಬೇಕು.

ನಾವು ತಂಡವನ್ನು ಬಿಟ್ಟೆವೇ? ಇಲ್ಲ. ಬಿಡುವ ಶಕ್ತಿಯಿದ್ದರೆ 2008ರಲ್ಲಿಯೇ ಬಿಡುತ್ತಿದ್ದೆವು. ಹಾಜರಿ ಪುಸ್ತಕದಲ್ಲಿ ಇನ್ನೂ ಹಾಳೆಗಳಿವೆ. ತರೀಕೆರೆಯವರು ಕೊನೆಯ ಓವರಿಗೆ ಹೊರಗೆ ಹೋಗುವುದನ್ನು ನಿಲ್ಲಿಸಿಲ್ಲ. ಬದಲಾದದ್ದು ಒಂದೇ. ಅಜ್ಜಂಪುರದವರು ಈಗ ‘ಈ ಸಲ ಕಪ್ ನಮ್ದೇ’ ಎನ್ನುವ ಮೊದಲು ಒಮ್ಮೆ ತಿರುಗಿ, ಮಗ ಮನೆಯಲ್ಲಿದ್ದಾನೆಯೇ ಎಂದು ನೋಡುತ್ತಾರೆ.