ಬಂಗಿಗೆ ಮದ್ದು: ಚೀಟಿಯಿಲ್ಲದೆ ಸಿಗುವ ಟ್ಯೂಬಿನ ಅಪಾಯ

ಮೈಸೂರು ಜಿಲ್ಲೆಯ ನಂಜನಗೂಡು ಹಾಗೂ ಟಿ. ನರಸೀಪುರ ತಾಲ್ಲೂಕುಗಳು ಕಪಿಲೆ, ಕಾವೇರಿಯ ನೀರುಂಡ ನೆಲ. ಭತ್ತ, ಕಬ್ಬು, ಬಾಳೆ, ಹಿಪ್ಪುನೇರಳೆಯ ಈ ಸೀಮೆಯಲ್ಲಿ ನಾಟಿ, ಕಳೆ, ಸೊಪ್ಪು ಬಿಡಿಸುವ ಕೆಲಸದ ಬಹುಪಾಲು ಹೆಣ್ಣುಮಕ್ಕಳ ಮೇಲೆಯೇ ಬಿದ್ದಿದೆ. ಹೊಲಗದ್ದೆಗಳಲ್ಲಿ ದಿನವಿಡೀ ದುಡಿಯುವ ಇವರ ಕೆನ್ನೆ, ಹಣೆ, ಮೂಗಿನ ಮೇಲೆ ಮೂಡುವ ಕಂದು ಕಲೆಗೆ ಜನ ಬಂಗು ಎನ್ನುತ್ತಾರೆ. ವೈದ್ಯರು ಮೆಲಾಸ್ಮಾ ಎನ್ನುತ್ತಾರೆ. ನೋವಿಲ್ಲ, ತುರಿಕೆಯಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಇಂಥ ನಿರಪಾಯಕಾರಿ ಕಲೆಯ ಬಗ್ಗೆ ಔಷಧ ನಿಯಂತ್ರಣಾಧಿಕಾರಿಗಳು ತಲೆಕೆಡಿಸಿಕೊಳ್ಳಬೇಕಾಗಿ ಬಂದಿರುವುದು, ಅದಕ್ಕೆಂದು ಜನ ಹಚ್ಚಿಕೊಳ್ಳುತ್ತಿರುವ ಮದ್ದಿನ ದೆಸೆಯಿಂದ.

ಬಂಗು ಬರುವುದು ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ಮಿತಿಮೀರಿ ಉತ್ಪತ್ತಿಯಾದಾಗ. ಬಿಸಿಲು ಅದರ ಮುಖ್ಯ ಪ್ರಚೋದಕ. ಆದರೆ ಗರ್ಭಧಾರಣೆ, ಗರ್ಭನಿರೋಧಕ ಗುಳಿಗೆಗಳಲ್ಲಿನ ಹಾರ್ಮೋನು, ವಂಶವಾಹಿ ಇವೂ ಕಾರಣಗಳೇ. ತಾಯಿಗೆ ಬಂಗಿದ್ದರೆ ಮಗಳಿಗೂ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಬಸುರಿನಲ್ಲಿ ಬಂದ ಬಂಗು ಹೆರಿಗೆಯಾದ ಕೆಲವು ತಿಂಗಳುಗಳಲ್ಲಿ ತಾನಾಗಿ ತಿಳಿಯಾಗುವುದುಂಟು. ಕಲೆ ಇರುವುದು ಚರ್ಮದ ಒಳಪದರಗಳಲ್ಲಿ. ಅದನ್ನು ತಿಕ್ಕಿ ತೊಳೆಯುವುದರಿಂದಾಗಲೀ, ನಿಂಬೆರಸ ಸವರುವುದರಿಂದಾಗಲೀ ಚರ್ಮ ಕೆರಳುತ್ತದೆ. ಕೆರಳಿದ ಚರ್ಮ ಇನ್ನಷ್ಟು ಕಪ್ಪಾಗುತ್ತದೆ.

ಸಮಸ್ಯೆಯ ಮೂಲವಿರುವುದು ಔಷಧ ಅಂಗಡಿಯಲ್ಲಿ. 1975ರಲ್ಲಿ ಅಮೆರಿಕದ ವೈದ್ಯರಾದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಅವರು ಹೈಡ್ರೋಕ್ವಿನೋನ್, ಟ್ರೆಟಿನೊಯಿನ್ ಹಾಗೂ ಒಂದು ಸ್ಟೀರಾಯ್ಡ್ ಸೇರಿಸಿದ ಲೇಪವೊಂದನ್ನು ಪ್ರಕಟಿಸಿದರು. ಬಂಗಿಗೆ ಇಂದಿಗೂ ಅತ್ಯಂತ ಪರಿಣಾಮಕಾರಿ ಎನಿಸಿದ ಚಿಕಿತ್ಸೆಗಳಲ್ಲಿ ಇದೂ ಒಂದು. ಅಮೆರಿಕದಲ್ಲಿ 2002ರಲ್ಲಿ ಇದೇ ಮಾದರಿಯ ಕ್ರೀಮಿಗೆ ಅನುಮತಿ ನೀಡುವಾಗ, ಎಂಟು ವಾರಗಳ ಅಲ್ಪಾವಧಿ ಬಳಕೆಗೆ ಮಾತ್ರ ಎಂಬ ಮಿತಿ ಹಾಕಲಾಯಿತು. ನಮ್ಮಲ್ಲಿ ಔಷಧ ಬಂತು, ಮಿತಿ ಬರಲಿಲ್ಲ.

ಈ ಕ್ರೀಮಿನ ದುರಂತವಿರುವುದು ಅದು ಮೊದಲಿಗೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದರಲ್ಲಿಯೇ. ಮೂರು ನಾಲ್ಕು ವಾರಗಳಲ್ಲಿ ಮುಖ ತಿಳಿಯಾಗುತ್ತದೆ, ಹೊಳಪೂ ಬರುತ್ತದೆ. ಅಕ್ಕ ತಂಗಿಗೆ ಹೇಳುತ್ತಾಳೆ, ತಂಗಿ ಓರಗಿತ್ತಿಗೆ. ತಿಂಗಳುಗಳುರುಳಿದಂತೆ ಸ್ಟೀರಾಯ್ಡ್‌ನ ಪ್ರಭಾವದಿಂದ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ. ಮೊಡವೆ ಏಳುತ್ತದೆ, ಮುಖದಲ್ಲಿ ಕೂದಲು ಬೆಳೆಯುತ್ತದೆ. ಹಚ್ಚುವುದನ್ನು ನಿಲ್ಲಿಸಿದೊಡನೆ ಉರಿ, ಕೆಂಪು. ಬಂಗು ಮೊದಲಿಗಿಂತ ಗಾಢವಾಗಿ ಮರಳುತ್ತದೆ. ಗಾಬರಿಯಾದವರು ಮತ್ತೆ ಅದೇ ಟ್ಯೂಬಿನ ಮೊರೆಹೋಗುತ್ತಾರೆ. ಹೈಡ್ರೋಕ್ವಿನೋನನ್ನು ವರ್ಷಗಟ್ಟಲೆ ಬಳಸಿದವರಲ್ಲಿ ಕೆಲವರಿಗೆ ನೀಲಿಗಪ್ಪು ಕಲೆ ಶಾಶ್ವತವಾಗಿ ಉಳಿಯುವುದೂ ಉಂಟು.

2011ರಲ್ಲಿ ಪ್ರಕಟವಾದ, ದೇಶದ ಹಲವು ಕೇಂದ್ರಗಳಲ್ಲಿ ಚರ್ಮವೈದ್ಯರು ನಡೆಸಿದ ಅಧ್ಯಯನದಲ್ಲಿ, ಮುಖದ ತೊಂದರೆಯೊಂದಿಗೆ ಬಂದ 2,926 ಜನರ ಪೈಕಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದುದು ಕಂಡುಬಂದಿತ್ತು. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಅದನ್ನು ಹಚ್ಚಲು ಹೇಳಿದವರು ವೈದ್ಯರೇ ಅಲ್ಲ. ಚರ್ಮವೈದ್ಯರ ಸಂಘದ ಸತತ ಒತ್ತಾಯದ ನಂತರ, 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಲೇಪಗಳಿಗಿದ್ದ ವಿನಾಯಿತಿಯನ್ನು ತೆಗೆದುಹಾಕಿ ಷೆಡ್ಯೂಲ್ ಎಚ್ ವ್ಯಾಪ್ತಿಗೆ ತಂದಿತು. ಅಂದರೆ ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರುವುದು ಕಾನೂನುಬಾಹಿರ. ಅಧಿಸೂಚನೆ ಹೊರಟು ವರ್ಷಗಳೇ ಸಂದಿವೆ. ತಾಲ್ಲೂಕು ಕೇಂದ್ರಗಳಲ್ಲಿ ಬಂಗಿಗೆ ಕ್ರೀಮು ಕೇಳಿದವರ ಬಳಿ ಎಷ್ಟು ಅಂಗಡಿಗಳವರು ಚೀಟಿ ಕೇಳುತ್ತಾರೆ ಎಂಬುದನ್ನು ಓದುಗರೇ ಒಮ್ಮೆ ಪರೀಕ್ಷಿಸಬಹುದು.

ಚೀಟಿಯ ಮಾತು ಹಾಗಿರಲಿ, ಔಷಧದ ಹೆಸರೇ ಇಲ್ಲದ ಬಿಳುಪಿನ ಕ್ರೀಮುಗಳ ಕಥೆ ಇನ್ನೂ ಭೀಕರ. ನಂಜನಗೂಡನ್ನು ಹಾದುಹೋಗುವ ಕಲ್ಲಿಕೋಟೆ ಹೆದ್ದಾರಿ ಗುಂಡ್ಲುಪೇಟೆ ದಾಟಿದರೆ ಕೇರಳ ಮುಟ್ಟುತ್ತದೆ. ಆ ರಾಜ್ಯದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ 2021ರಿಂದ 2023ರ ನಡುವೆ ಒಂದು ಬಗೆಯ ಮೂತ್ರಪಿಂಡ ಕಾಯಿಲೆಯ 22 ಪ್ರಕರಣಗಳನ್ನು ವೈದ್ಯರು ದಾಖಲಿಸಿದರು. ಅವುಗಳಲ್ಲಿ 15 ಒಂದೇ ಅಪರೂಪದ ಮಾದರಿಯವು. ಆ ಹದಿನೈದರಲ್ಲಿ 13 ಮಂದಿ ಚರ್ಮ ಬಿಳುಪಾಗಿಸುವ ಕ್ರೀಮು ಹಚ್ಚುತ್ತಿದ್ದವರು. ಶಂಕೆ ಬಿದ್ದದ್ದು ಪಾದರಸದ ಮೇಲೆ. ತಯಾರಕರ ವಿಳಾಸವಿಲ್ಲದ ಡಬ್ಬಿಗಳಿಗೆ ಗಡಿಯ ಚೆಕ್‌ಪೋಸ್ಟ್ ಯಾವ ಲೆಕ್ಕ?

ಹಾಗಾದರೆ ಮಾಡಬೇಕಾದ್ದೇನು? ಬಂಗು ಒಮ್ಮೆಗೇ ಬೇರುಸಹಿತ ಹೋಗುವ ಕಾಯಿಲೆಯಲ್ಲ, ಹತೋಟಿಯಲ್ಲಿಡುವಂಥದ್ದು. ಬಿಸಿಲಿನಿಂದ ರಕ್ಷಣೆಯಿಲ್ಲದಿದ್ದರೆ ಯಾವ ದುಬಾರಿ ಚಿಕಿತ್ಸೆಯೂ ನಿಲ್ಲದು. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುವುದರಿಂದ, ಐರನ್ ಆಕ್ಸೈಡ್ ಇರುವ, ತುಸು ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ. ಮುಖವೊಂದಕ್ಕೆ ಸಲಕ್ಕೆ ಸುಮಾರು ಒಂದು ಗ್ರಾಂ ಬೇಕು. ದಿನಕ್ಕೆರಡು ಸಲ ಹಚ್ಚಿದರೆ 50 ಗ್ರಾಂ ಟ್ಯೂಬು 25 ದಿನಕ್ಕೆ ಮುಗಿಯುತ್ತದೆ. ಕೂಲಿಯಿಂದ ಮನೆ ನಡೆಸುವವರಿಗೆ ತಿಂಗಳು ತಿಂಗಳೂ ಇದು ನಿಲುಕುವ ಮಾತೇ? ಅವರ ಮಟ್ಟಿಗೆ ಅಗಲ ಅಂಚಿನ ಟೋಪಿ, ಮುಖ ಮುಚ್ಚುವಂತೆ ಹೊದ್ದ ಹತ್ತಿಬಟ್ಟೆ, ಸಾಧ್ಯವಾದರೆ ನಡುಹಗಲಿನ ಕೆಲಸವನ್ನು ಬೆಳಗಿನ ಹೊತ್ತಿಗೆ ಹಾಕಿಕೊಳ್ಳುವುದು, ಇವೇ ಮೊದಲ ಮದ್ದು. ಬಸುರಿಯರಿಗೂ ಸಾಮಾನ್ಯವಾಗಿ ಕೊಡಬಹುದಾದ ಅಜೆಲಾಯಿಕ್ ಆಮ್ಲದಂಥ ಲೇಪಗಳಿವೆ. ಇತ್ತೀಚೆಗೆ ಪ್ರಚಾರ ಪಡೆದಿರುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಗುಣಕಾರಿ ಹೌದು. ಆದರೆ ರಕ್ತ ಹೆಪ್ಪುಗಟ್ಟುವ ಅಪಾಯವಿರುವವರು, ಗರ್ಭನಿರೋಧಕ ಗುಳಿಗೆ ನುಂಗುತ್ತಿರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಕೂಡದು.

ಮೈಸೂರಿನ ಕೆ.ಆರ್. ಆಸ್ಪತ್ರೆ ನಂಜನಗೂಡಿಗೆ ಸುಮಾರು 25 ಕಿ.ಮೀ. ದೂರ, ಟಿ. ನರಸೀಪುರಕ್ಕೆ ಇನ್ನಷ್ಟು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಬಸ್ಸಿನ ಖರ್ಚು ತಪ್ಪಿದೆ, ದಿನದ ಕೂಲಿಯ ನಷ್ಟ ತಪ್ಪಿಲ್ಲ. ಮುಖದ ಕಲೆಗಾಗಿ ಕೂಲಿ ಬಿಟ್ಟು ಹೋದಳೆಂಬ ಮಾತನ್ನೂ ಆಕೆ ಕೇಳಬೇಕು. ಊರಿನ ಅಂಗಡಿಯ ಟ್ಯೂಬು ಗೆಲ್ಲುವುದು ಇಲ್ಲಿಯೇ. ತಿಂಗಳಿಗೊಂದು ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಚರ್ಮವೈದ್ಯರ ವಿಶೇಷ ಶಿಬಿರ ನಡೆಸಿ, ಆಶಾ ಕಾರ್ಯಕರ್ತೆಯರ ಮೂಲಕ ಅದರ ದಿನಾಂಕ ತಿಳಿಸುವುದು ಆರೋಗ್ಯ ಇಲಾಖೆಗೆ ಭಾರವಾಗದು.

ಅಲ್ಲಿಯವರೆಗೆ, ಮನೆಯಲ್ಲಿರುವ ಟ್ಯೂಬಿನ ಮೇಲಿನ ಸಣ್ಣಕ್ಷರಗಳನ್ನು ಓದುವುದು ಒಳಿತು. ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೊಬೆಟಾಸೋಲ್, ಫ್ಲೂಸಿನೋಲೋನ್ ಇವೆಲ್ಲ ಸ್ಟೀರಾಯ್ಡ್‌ಗಳ ಹೆಸರುಗಳು. ತಿಂಗಳುಗಳಿಂದ ಇವುಗಳಲ್ಲೊಂದನ್ನು ಹಚ್ಚುತ್ತಿರುವವರು ಹೆದರಿ ಒಮ್ಮೆಲೇ ನಿಲ್ಲಿಸದೆ, ಆ ಟ್ಯೂಬನ್ನೇ ಕೈಯಲ್ಲಿ ಹಿಡಿದು ವೈದ್ಯರ ಬಳಿಗೆ ಹೋಗಬೇಕು.